ಬಳ್ಳಿಯ ಬಾಯಾರಿಕೆ, ಬೇರಿನ ಲೆಕ್ಕ

(ವಿಜಯಪುರ ಜಿಲ್ಲೆಯ ಟಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬೆಳೆಗಾರರು ಕೇಳಿದ ಮೂರು ಪ್ರಶ್ನೆಗಳಿವೆ.)

ಎಲ್ಲರಿಗೂ ಶರಣು.

ಹೊಸ ಪಡ (ದ್ರಾಕ್ಷಿ ತೋಟ) ಹಾಕುವವರು ಮೊದಲು ಕೇಳುವುದು ಒಂದೇ ಮಾತು: ಯಾವ ರೂಟ್‌ಸ್ಟಾಕ್ ಹಾಕಿದರೆ ಕಡಿಮೆ ನೀರಿನಲ್ಲಿ ಬೆಳೆ ಬರುತ್ತದೆ? ರೂಟ್‌ಸ್ಟಾಕ್ ಎಂದರೆ ನಮ್ಮ ತಳಿಯನ್ನು ಮೇಲೆ ಕಸಿ ಕಟ್ಟುವ ಬೇರಿನ ಗಿಡ. ಗರಸು (ಕಲ್ಲು ಬೆರೆತ) ನೆಲಕ್ಕೆ ಡಾಗ್‌ರಿಡ್ಜ್, ಆಳದ ಎರಿ (ಕಪ್ಪು ಮಣ್ಣಿನ) ಭೂಮಿಗೆ 110ಆರ್ ಎಂದು ಹೇಳಿ ಇಲ್ಲಿಗೇ ಮುಗಿಸಬಹುದು. ಅದು ತಪ್ಪೂ ಅಲ್ಲ. ಆದರೆ ಅಷ್ಟೇ ಕೇಳಿಕೊಂಡು ಹೋಗಿ ಗಿಡ ಹಚ್ಚಿದವರ ಪಡಗಳು ಬರ ಬಂದಾಗ ಒಣಗಿವೆ. ರೂಟ್‌ಸ್ಟಾಕ್ ನೀರನ್ನು ಹುಟ್ಟಿಸುವುದಿಲ್ಲ, ದಿನಗಳನ್ನು ಕೊಡುತ್ತದೆ. ನೀರು ಕಡಿಮೆಯಾದ ದಿನದಿಂದ ಬಳ್ಳಿಗೆ ನಿಜವಾದ ಪೆಟ್ಟು ಬೀಳುವ ದಿನದವರೆಗಿನ ಅಂತರವನ್ನು ಅದು ಹಿಗ್ಗಿಸುತ್ತದೆ. ಹಿಗ್ಗಿದ ಆ ದಿನಗಳು ಬೆಳೆಯ ಯಾವ ಹಂತದಲ್ಲಿ ಬಿದ್ದವು ಎಂಬುದರ ಮೇಲೆ ಲಾಭ-ನಷ್ಟ ನಿಂತಿದೆ. ಆ ಹಂತವನ್ನು ನೋಡಿಕೊಳ್ಳಬೇಕಾದವರು ನೀವು.

ವಿಜಯಪುರದ ಮಳೆ ವರ್ಷಕ್ಕೆ ಸರಾಸರಿ 600 ಮಿ.ಮೀ. ಆಸುಪಾಸು. ಅದರಲ್ಲಿ ಬಹುಪಾಲು ಜೂನ್‌ನಿಂದ ಅಕ್ಟೋಬರ್ ಒಳಗೆ ಬೀಳುತ್ತದೆ. ಬಳ್ಳಿಗೆ ನೀರು ಬೇಕಾಗುವುದೋ ಏಪ್ರಿಲ್ ಚಾಟ್ನಿ (ಕಡ್ಡಿ ಸವರುವುದು) ಆದ ಮೇಲಿನ ಬಿರುಬಿಸಿಲಿನಲ್ಲಿ, ಮತ್ತೆ ಅಕ್ಟೋಬರ್ ಚಾಟ್ನಿಯಿಂದ ಕಟಾವಿನವರೆಗೆ. ಮಳೆಗೂ ಬಳ್ಳಿಗೂ ವೇಳೆ ಕೂಡುವುದಿಲ್ಲ. ತುಬಚಿ-ಬಬಲೇಶ್ವರ, ಮುಳವಾಡ ಏತ ನೀರಾವರಿಯ ನೀರು ಬಂದ ಊರುಗಳಲ್ಲಿ ಪರಿಸ್ಥಿತಿ ಬದಲಾಗಿದೆ. ಬೋರ್ ಮತ್ತು ಕೃಷಿ ಹೊಂಡವನ್ನೇ ನಂಬಿದವರಿಗೆ ಹಳೆಯ ಲೆಕ್ಕ ಹಾಗೇ ಇದೆ.

ಬಾಯಾರಿದ ಬಳ್ಳಿಯ ಒಳಗೆ ಏನು ನಡೆಯುತ್ತದೆ ಎಂಬುದನ್ನು ಮೊದಲು ನೋಡೋಣ.

ಬೇರು ಎಳೆದುಕೊಂಡ ನೀರಿನಲ್ಲಿ ನೂರಕ್ಕೆ 97 ಪಾಲಿಗಿಂತ ಹೆಚ್ಚು ಎಲೆಯಿಂದ ಆವಿಯಾಗಿ ಹೋಗುತ್ತದೆ. ಎಲೆಯ ಕೆಳಬದಿಯ ಸಣ್ಣ ರಂಧ್ರಗಳಿಂದ ಆವಿ ಹೊರಗೆ ಹೋದಂತೆ ಎಲೆಯಿಂದ ಬೇರಿನವರೆಗಿನ ನೀರಿನ ಎಳೆ ಬಿಗಿಯಾಗುತ್ತದೆ. ಹಗ್ಗ ಜಗ್ಗಿದ ಹಾಗೆ ಎನ್ನಿ. ಮಧ್ಯಾಹ್ನ ಆ ಜಗ್ಗಾಟ 10-12 ಬಾರ್‌ವರೆಗೂ ಹೋಗುತ್ತದೆ. ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡ ಸುಮಾರು 2 ಬಾರ್. ಅದರ ಐದಾರು ಪಟ್ಟು ಬಲದಿಂದ ಎಲೆ ನೀರನ್ನು ಮೇಲಕ್ಕೆಳೆಯುತ್ತಿರುತ್ತದೆ. ದ್ರಾಕ್ಷಿ ಬಳ್ಳಿಯ ನೀರಿನ ಕೊಳವೆಗಳು ಅಗಲ. ನೀರಿದ್ದಾಗ ಧಾರಾಳವಾಗಿ ಸಾಗಿಸುತ್ತವೆ. ನೆಲ ಒಣಗಿ ಜಗ್ಗಾಟ ಮಿತಿ ಮೀರಿದರೆ ನೀರಿನ ಎಳೆ ತುಂಡಾಗಿ ಕೊಳವೆಯೊಳಗೆ ಗಾಳಿ ಸೇರುತ್ತದೆ. ಗಾಳಿ ಹೊಕ್ಕ ಕೊಳವೆ ಕೆಲಸಕ್ಕೆ ಬಾರದು.

ಅಲ್ಲಿಗೆ ಹೋಗದಂತೆ ಬಳ್ಳಿ ಸಾಲುಸಾಲಾಗಿ ತಡೆ ಹಾಕಿಕೊಂಡಿದೆ. ಎಲ್ಲಕ್ಕೂ ಮೊದಲು ಕುಡಿಯ ಬೆಳವಣಿಗೆ ನಿಲ್ಲಿಸುತ್ತದೆ. ಎಲೆ ಇನ್ನೂ ಹಸಿರಾಗಿ ಆಹಾರ ತಯಾರಿಸುತ್ತಿರುವಾಗಲೇ ಕುಡಿ ನಿಂತಿರುತ್ತದೆ. ಎರಡನೆಯ ತಡೆ, ಒಣಗುತ್ತಿರುವ ಬೇರು ಮತ್ತು ಎಲೆಯಲ್ಲಿ ಹುಟ್ಟುವ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು. ಅದು ಎಲೆಯ ರಂಧ್ರಗಳನ್ನು ಮುಚ್ಚಿಸುತ್ತದೆ. ರಂಧ್ರ ಮುಚ್ಚಿದರೆ ನೀರು ಉಳಿಯುತ್ತದೆ, ಆದರೆ ಗಾಳಿಯಿಂದ ಬರುವ ಇಂಗಾಲವೂ ನಿಂತು ಸಕ್ಕರೆ ತಯಾರಿ ಕುಗ್ಗುತ್ತದೆ. ಎಲೆ ಬಿಸಿಯೇರುತ್ತದೆ. ಮಧ್ಯಾಹ್ನ ಎರಡರ ಹೊತ್ತಿಗೆ ಬಿಸಿಲಿಗಿರುವ ಎಲೆಯನ್ನು ಎರಡು ಅಂಗೈ ನಡುವೆ ಹಿಡಿದು ನೋಡಿ. ನೀರುಂಡ ಬಳ್ಳಿಯ ಎಲೆ ತಣ್ಣಗಿರುತ್ತದೆ, ರಂಧ್ರ ಮುಚ್ಚಿಕೊಂಡ ಎಲೆ ಬೆಚ್ಚಗೆ ತಾಗುತ್ತದೆ. ಕೊನೆಯ ತಡೆ ಎಲೆಯ ತೊಟ್ಟು. ಕಡ್ಡಿ ಮತ್ತು ಕಾಂಡಕ್ಕಿಂತ ಮೊದಲು ತೊಟ್ಟಿನ ಕೊಳವೆಗಳಲ್ಲಿ ಗಾಳಿ ಸೇರುತ್ತದೆ. ಬುಡದ ಎಲೆ ಹಳದಿಯಾಗಿ ಉದುರುವುದು ಬಳ್ಳಿ ತನ್ನ ಕಡ್ಡಿಯನ್ನು ಉಳಿಸಿಕೊಳ್ಳುವ ದಾರಿ. ಎಲೆ ಉದುರುವುದನ್ನು ಕಂಡ ಮೇಲೆ ನೀರು ಬಿಡುವುದೆಂದರೆ ಮೂರು ತಡೆಗಳೂ ಮುಗಿದ ಮೇಲೆ ಎಚ್ಚರಗೊಂಡ ಹಾಗೆ.

ಹಾಗಾದರೆ ಮೊದಲ ತಡೆಯಲ್ಲೇ ಗುರುತು ಹಿಡಿಯುವುದು ಹೇಗೆ? ಪ್ರತಿಯೊಬ್ಬ ಬೆಳೆಗಾರರೂ ಕಲಿಯಲೇಬೇಕಾದದ್ದು ಕುಡಿ ನೋಡುವ ಪದ್ಧತಿ. ಅದಕ್ಕೆ ಯಂತ್ರ ಬೇಡ. ಚಿವುಟದೆ ಬಿಟ್ಟ ಕುಡಿಯೊಂದನ್ನು ಹಿಡಿಯಿರಿ. ತುದಿಯ ಕೆಳಗೆ ಪೂರ್ತಿ ಬಿಚ್ಚಿಕೊಂಡ ಕೊನೆಯ ಎರಡು ಎಳೆ ಎಲೆಗಳನ್ನು ಮೇಲಕ್ಕೆ ಮಡಚಿ ಕುಡಿಗೆ ಒತ್ತಿ ಹಿಡಿಯಿರಿ. ಕುಡಿಯ ತುದಿ ಆ ಎಲೆಗಳನ್ನು ದಾಟಿ ಮೇಲೆ ಕಂಡರೆ ಬಳ್ಳಿ ಓಡುತ್ತಿದೆ, ಬಾಯಾರಿಕೆ ಇಲ್ಲ. ಎಲೆಗಳು ತುದಿಯನ್ನು ಮುಚ್ಚಿಬಿಟ್ಟರೆ ಬೆಳವಣಿಗೆ ನಿಧಾನವಾಗಿದೆ. ತುದಿ ಒಣಗಿದ್ದರೆ ಅಥವಾ ಉದುರಿದ್ದರೆ ಬೆಳವಣಿಗೆ ನಿಂತಿದೆ. ಒಂದೆರಡು ಕುಡಿ ನೋಡಿ ತೀರ್ಮಾನಿಸಬೇಡಿ. ಪಡದ ಉದ್ದಕ್ಕೂ ಓಡಾಡಿ 50 ಕುಡಿ ನೋಡಿ, ಮೂರು ಬಗೆಯವು ಎಷ್ಟೆಷ್ಟು ಎಂದು ಬರೆದಿಡಿ. ವಾರಕ್ಕೊಮ್ಮೆ ಅದೇ ಸಾಲುಗಳಲ್ಲಿ ಎಣಿಸಿದರೆ ನೆಲದ ನೀರು ಯಾವ ವೇಗದಲ್ಲಿ ಇಳಿಯುತ್ತಿದೆ ಎಂದು ಬಳ್ಳಿಯೇ ಹೇಳುತ್ತದೆ. ಆಸರೆಗೆ ಸುತ್ತಿಕೊಳ್ಳುವ ಕುಡಿಯ ತಂತುಗಳನ್ನೂ ಗಮನಿಸಿ. ಬೆಳಿಗ್ಗೆ ತುದಿಯನ್ನು ಮೀರಿ ಮುಂದೆ ಚಾಚಿಕೊಂಡಿದ್ದರೆ ನೀರು ಸಾಕಷ್ಟಿದೆ. ಬೆಳಿಗ್ಗೆಯೇ ಜೋತುಬಿದ್ದಿದ್ದರೆ ರಾತ್ರಿಯಿಡೀ ಬೇರು ಎಳೆದರೂ ಬಳ್ಳಿಯ ಹೊಟ್ಟೆ ತುಂಬಿಲ್ಲ.

ಸಂಶೋಧನಾ ಕೇಂದ್ರಗಳಲ್ಲಿ ಇದೇ ಜಗ್ಗಾಟವನ್ನು ಒತ್ತಡದ ಕೋಠಿಯಿಂದ ಅಳೆಯುತ್ತಾರೆ. ನೆರಳಿನ ಒಂದು ಎಲೆಗೆ ಬಳ್ಳಿಯ ಮೇಲೆಯೇ ಬೆಳ್ಳಿ ಹಾಳೆಯ ಚೀಲ ಕಟ್ಟಿ ಒಂದು ತಾಸು ಬಿಡುತ್ತಾರೆ. ಮಧ್ಯಾಹ್ನ ತೊಟ್ಟನ್ನು ಬ್ಲೇಡಿನಿಂದ ಕತ್ತರಿಸಿ, ಕತ್ತರಿಸಿದ ತುದಿ ಹೊರಗಿರುವಂತೆ ಎಲೆಯನ್ನು ಕೋಠಿಯಲ್ಲಿಟ್ಟು ನಿಧಾನಕ್ಕೆ ನೈಟ್ರೋಜನ್ ಅನಿಲ ತುಂಬುತ್ತಾರೆ. ತೊಟ್ಟಿನ ಕೊಯ್ದ ಮುಖದಲ್ಲಿ ನೀರು ಮಿನುಗಿದ ಕ್ಷಣದ ಒತ್ತಡವೇ ಬಳ್ಳಿಯ ಬಾಯಾರಿಕೆ. 6 ಬಾರ್ ಒಳಗಿದ್ದರೆ ಚಿಂತೆಯಿಲ್ಲ, 6ರಿಂದ 9 ಸಣ್ಣ ಬಾಯಾರಿಕೆ, 9ರಿಂದ 11 ಮಧ್ಯಮ. 14 ದಾಟಿದರೆ ಬಳ್ಳಿ ಸಂಕಟದಲ್ಲಿದೆ.

ಈಗ ದಿನಗಳ ವಿಷಯ. ಇದೇ ನಮ್ಮ ಮಾತಿನ ತಿರುಳು.

ಏಪ್ರಿಲ್ ಚಾಟ್ನಿಯ ಮೊದಲ 40 ದಿನ ಎಲೆ, ಕುಡಿ ಕಟ್ಟಿಕೊಳ್ಳುವ ಕಾಲ. ಆಗ ನೀರು ಹಿಡಿದರೆ ವರ್ಷವಿಡೀ ಬಳ್ಳಿ ಸೊರಗುತ್ತದೆ. ಸುಮಾರು 40ರಿಂದ 60ನೇ ದಿನದ ನಡುವೆ ಕಡ್ಡಿಯ ಕಣ್ಣೊಳಗೆ ಮುಂದಿನ ಬೆಳೆಯ ತೀರ್ಮಾನವಾಗುತ್ತದೆ. ಕಣ್ಣಿನಲ್ಲಿ ಹುಟ್ಟಿದ ಮೊಳಕೆ ಗೊನೆಯಾಗಬೇಕೋ ಬರೀ ತಂತಾಗಬೇಕೋ ಎಂಬುದು ಆಗ ಗೊತ್ತಾಗುತ್ತದೆ. ಕುಡಿ ಜೋರಾಗಿ ಓಡುತ್ತಿದ್ದರೆ ಜಿಬ್ಬರೆಲಿನ್ ಎಂಬ ಹಾರ್ಮೋನು ಹೆಚ್ಚಿ ಮೊಳಕೆ ತಂತಿನ ಕಡೆ ಹೊರಳುತ್ತದೆ. ಓಟ ನಿಂತು, ಕಣ್ಣಿಗೆ ಬಿಸಿಲು ಬಿದ್ದು, ಸೈಟೊಕೈನಿನ್ ಎಂಬ ಹಾರ್ಮೋನು ಬಲವಾದರೆ ಗೊನೆಯಾಗುತ್ತದೆ. ಅದಕ್ಕೇ ಈ 20 ದಿನಗಳಲ್ಲಿ ನೀರನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಬೇಕು. ಕುಡಿ ನಿಲ್ಲಬೇಕು, ಎಲೆ ಮಾತ್ರ ಬಾಡಬಾರದು. ಈ ಗೆರೆಯ ಮೇಲೆ ಬಳ್ಳಿಯನ್ನು ನಿಲ್ಲಿಸುವುದೇ ದ್ರಾಕ್ಷಿಯ ನೀರಾವರಿಯಲ್ಲಿ ಅತಿ ಕಷ್ಟದ ಕೆಲಸ. ಬಾಯಾರಿಕೆ ಒಳ್ಳೆಯದಂತೆ ಎಂದು ಪೂರ್ತಿ ನೀರು ಕಟ್ಟಿದರೆ ಎಲೆಯ ಸಕ್ಕರೆ ತಯಾರಿ ನಿಂತು ಕಣ್ಣು ಬರಿದಾಗುತ್ತದೆ. ಏಪ್ರಿಲ್ 10ಕ್ಕೆ ಚಾಟ್ನಿ ಮಾಡಿದವರಿಗೆ ಈ ದಿನಗಳು ಮೇ 20ರಿಂದ ಜೂನ್ 10ರ ತನಕ ಬರುತ್ತವೆ. ಒಂದು ತುದಿಯಲ್ಲಿ ಕಡು ಬಿಸಿಲು, ಇನ್ನೊಂದು ತುದಿಯಲ್ಲಿ ಮುಂಗಾರಿನ ಮೊದಲ ಮಳೆ. ಮಳೆ ಬಿದ್ದು ಕುಡಿ ಮತ್ತೆ ಓಡತೊಡಗಿದರೆ ಡ್ರಿಪ್ ಪೂರ್ತಿ ನಿಲ್ಲಿಸಿ ಕುಡಿ ಚಿವುಟಿ.

ಅಕ್ಟೋಬರ್ ಚಾಟ್ನಿಯ ನಂತರ ಲೆಕ್ಕ ಬೇರೆ. ಹೂವಿನ ಹೊತ್ತಿಗೆ ಬಾಯಾರಿಸಿದರೆ ಹೂ ಉದುರಿ ಗೊನೆ ತೆಳ್ಳಗಾಗುತ್ತದೆ. ಕಾಯಿ ಕಟ್ಟಿದ ಮೊದಲ ಮೂರು-ನಾಲ್ಕು ವಾರ ಕಾಯಿಯೊಳಗಿನ ಕೋಶಗಳು ಒಂದೆರಡಾಗಿ ಎಣಿಕೆ ಹೆಚ್ಚಿಸಿಕೊಳ್ಳುವ ಕಾಲ. ಇಲ್ಲಿ ಕಳೆದುಕೊಂಡ ಗಾತ್ರ ಮತ್ತೆ ಬರುವುದಿಲ್ಲ. ಆಮೇಲೆ ಎಷ್ಟೇ ನೀರು ಬಿಡಿ, ಗೊಬ್ಬರ ಹಾಕಿ, ಕಾಯಿ ಸಣ್ಣದೇ. ನೀರಿನ ಕೊರತೆಯಿರುವವರು ಎಲ್ಲಿ ಉಳಿಸಿದರೂ ಈ ವಾರಗಳಲ್ಲಿ ಮಾತ್ರ ಉಳಿಸಬೇಡಿ. ಈ ಹಂತದಲ್ಲಿ ಮಧ್ಯಾಹ್ನ ಕಾಯಿ ಸ್ವಲ್ಪ ಕುಗ್ಗಿ ರಾತ್ರಿ ಮತ್ತೆ ತುಂಬಿಕೊಳ್ಳುತ್ತದೆ, ಯಾಕೆಂದರೆ ಎಲೆ ಕಾಯಿಯಿಂದಲೂ ನೀರನ್ನು ವಾಪಸ್ ಎಳೆಯುತ್ತದೆ. ಕಾಯಿ ಮೆತ್ತಗಾದ ಮೇಲೆ ಕಾಯಿಗೆ ನೀರು ಬರುವ ದಾರಿ ಬದಲಾಗುತ್ತದೆ. ಬೇರಿನಿಂದ ನೇರ ಬರುವ ನೀರು ಕಡಿಮೆಯಾಗಿ, ಎಲೆಯಿಂದ ಸಕ್ಕರೆಯ ಜೊತೆ ಬರುವ ನೀರೇ ಮುಖ್ಯವಾಗುತ್ತದೆ. ಹೀಗಾಗಿ ಆಗ ಹದವಾಗಿ ನೀರು ತಗ್ಗಿಸಿದರೆ ಕಾಯಿಗೆ ಅಷ್ಟು ಹಾನಿಯಿಲ್ಲ. ಒಣದ್ರಾಕ್ಷಿ ಮಾಡುವವರಿಗೆ 22 ಬ್ರಿಕ್ಸ್ (ಸಕ್ಕರೆಯ ಅಳತೆ) ದಾಟಿದ ಹಣ್ಣು ಬೇಕು, ಅವರಿಗೆ ಇದು ಅನುಕೂಲವೇ. ಆದರೆ ಒಣಗಿಸಿಟ್ಟು ಒಮ್ಮೆಲೇ ತುಂಬಾ ನೀರು ಬಿಟ್ಟರೆ ಸಿಪ್ಪೆ ತಾಳದೆ ಹಣ್ಣು ಸೀಳುತ್ತದೆ.

ಲೀಟರಿನ ಲೆಕ್ಕಕ್ಕೆ ಬರೋಣ. ಒಂದು ಎಕರೆಯ ಮೇಲೆ 1 ಮಿ.ಮೀ. ನೀರು ಎಂದರೆ 4,047 ಲೀಟರ್. ಮೇ ತಿಂಗಳಲ್ಲಿ ತೆರೆದಿಟ್ಟ ನೀರು ದಿನಕ್ಕೆ 10 ಮಿ.ಮೀ. ಆವಿಯಾಗುತ್ತಿದೆ ಎಂದುಕೊಳ್ಳಿ. ಕುಡಿ ಬೆಳೆಯುವ ಹಂತದಲ್ಲಿ ಡ್ರಿಪ್‌ನಲ್ಲಿ ಅದರ 0.42 ಪಾಲು ಕೊಟ್ಟರೆ ಸಾಕು, ಅಂದರೆ ಎಕರೆಗೆ ದಿನಕ್ಕೆ 17,000 ಲೀಟರ್. 10 ಅಡಿಗೆ 5 ಅಡಿ ಅಂತರದಲ್ಲಿ ಎಕರೆಗೆ 871 ಬಳ್ಳಿ ಕೂಡುತ್ತವೆ, ಬಳ್ಳಿಗೆ 19-20 ಲೀಟರ್. ಕಣ್ಣಿನಲ್ಲಿ ಗೊನೆ ಕಟ್ಟುವ ದಿನಗಳಲ್ಲಿ ಪಾಲು 0.14ಕ್ಕೆ ಇಳಿಯುತ್ತದೆ, ಬಳ್ಳಿಗೆ ಆರೂವರೆ ಲೀಟರ್. ನವೆಂಬರ್-ಡಿಸೆಂಬರ್‌ನಲ್ಲಿ ಆವಿ 5 ಮಿ.ಮೀ. ಇದ್ದರೆ ಕಾಯಿ ಹಿಗ್ಗುವಾಗ 0.42ರ ಲೆಕ್ಕದಲ್ಲಿ ಎಕರೆಗೆ 8,500 ಲೀಟರ್, ಬಳ್ಳಿಗೆ ಸುಮಾರು 10 ಲೀಟರ್. ತಾಸಿಗೆ 4 ಲೀಟರಿನ ಎರಡು ಡ್ರಿಪ್ಪರ್ ಇದ್ದರೆ ಒಂದೂಕಾಲು ತಾಸು.

ಇದನ್ನು ಹೊಂಡದ ಜೊತೆ ಹೊಂದಿಸಿ ನೋಡಿ. ಮೇಲೆ 30 ಮೀಟರ್ ಚೌಕ, ತಳದಲ್ಲಿ 24 ಮೀಟರ್ ಚೌಕ, ಆಳ 3 ಮೀಟರ್ ಇರುವ ಹೊಂಡ ತುಂಬಿದಾಗ ಸುಮಾರು 22 ಲಕ್ಷ ಲೀಟರ್ ಹಿಡಿಯುತ್ತದೆ. ಮೇ ತಿಂಗಳಲ್ಲಿ ಆ ಹೊಂಡದ ಮೈಯಿಂದಲೇ ದಿನಕ್ಕೆ 9,000 ಲೀಟರ್ ಹಾರಿಹೋಗುತ್ತದೆ. ಅಂದರೆ ಅರ್ಧ ಎಕರೆ ಪಡ ಕುಡಿಯುವುದಕ್ಕಿಂತ ಹೆಚ್ಚು. ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ ಇಂಗುವುದನ್ನು ತಡೆದವರು ಮೇಲಿನ ಆವಿಯನ್ನು ಮರೆಯುತ್ತಾರೆ. ನೆರಳು ಪರದೆ ಕಟ್ಟಲು ಆಗದಿದ್ದರೆ ಅಗಲ ಕಡಿಮೆ ಮಾಡಿ ಆಳ ಹೆಚ್ಚಿಸುವ ವಿಚಾರವನ್ನು ಹೊಂಡ ತೋಡುವ ಮೊದಲೇ ಮಾಡಿ.

ಇಷ್ಟು ತಿಳಿದ ಮೇಲೆ ರೂಟ್‌ಸ್ಟಾಕ್‌ನ ಮಾತು ಆಡಬಹುದು.

ರೂಟ್‌ಸ್ಟಾಕ್ ಪದ್ಧತಿ ಹುಟ್ಟಿದ್ದು ಬರಕ್ಕಾಗಿ ಅಲ್ಲ. 1860ರ ದಶಕದಲ್ಲಿ ಫ್ರಾನ್ಸಿನ ಪಡಗಳನ್ನು ಫಿಲಾಕ್ಸೆರಾ ಎಂಬ ಬೇರು ಹೇನು ತಿಂದು ಹಾಕಿತು. ಅಮೆರಿಕದ ಕಾಡುಬಳ್ಳಿಗಳ ಬೇರು ಆ ಹೇನನ್ನು ತಾಳಿಕೊಳ್ಳುತ್ತಿತ್ತು. ಅದರ ಮೇಲೆ ಯುರೋಪಿನ ತಳಿಗಳನ್ನು ಕಸಿ ಕಟ್ಟಿದರು. ಟೆಕ್ಸಾಸ್‌ನ ಟಿ. ವಿ. ಮನ್ಸನ್ ಆ ಕಾಡುಬಳ್ಳಿಗಳನ್ನು ಹುಡುಕಿ ವಿಂಗಡಿಸಿದವರಲ್ಲಿ ಮುಖ್ಯರು. 1888ರಲ್ಲಿ ಫ್ರಾನ್ಸ್ ಸರಕಾರ ಅವರನ್ನು ಗೌರವಿಸಿತು. ನಮ್ಮಲ್ಲಿ ಮನೆಮಾತಾದ ಡಾಗ್‌ರಿಡ್ಜ್ ಕೂಡ ಟೆಕ್ಸಾಸ್ ಮೂಲದ್ದೇ. ಚಾಂಪಿನಿ ಎಂಬ ಜಾತಿಯ ಬಳ್ಳಿ. ಸುಣ್ಣಗಲ್ಲಿನ ಒಣನೆಲದಲ್ಲಿ ಬೆಳೆದ ಆ ಸಂತತಿಯನ್ನು ನಾವು ಬಳಸುವುದು ಹೇನಿಗಾಗಿ ಅಲ್ಲ, ಬರ ಮತ್ತು ಉಪ್ಪಿಗಾಗಿ.

ಬರ ತಾಳುವ ರೂಟ್‌ಸ್ಟಾಕ್‌ನಲ್ಲಿ ಒಂದಲ್ಲ, ಹಲವು ಗುಣಗಳು ಕೂಡಿರುತ್ತವೆ. ಬೇರು ಇಳಿಯುವ ಕೋನ ಒಂದು. ರಿಪಾರಿಯಾ ಜಾತಿಯ ಬೇರು ನೆಲದ ಮೇಲ್ಪದರದಲ್ಲೇ ಅಡ್ಡ ಹರಡುತ್ತದೆ, ರುಪೆಸ್ಟ್ರಿಸ್ ಬೇರು ನೆಟ್ಟಗೆ ಕೆಳಗಿಳಿಯುತ್ತದೆ, ಬರ್ಲಾಂಡಿಯೇರಿ ಅದಕ್ಕೆ ಹತ್ತಿರ. ಅದಕ್ಕೇ ಬರ್ಲಾಂಡಿಯೇರಿ ಮತ್ತು ರುಪೆಸ್ಟ್ರಿಸ್ ಕೂಡಿಸಿದ 110 ರಿಕ್ಟರ್ (ನಮ್ಮ 110ಆರ್), 140 ರುಗ್ಗೇರಿ, 1103 ಪಾಲ್ಸನ್ ಬರಕ್ಕೆ ಹೆಸರಾದವು. ರಿಪಾರಿಯಾ ರಕ್ತ ಹೆಚ್ಚಿರುವವು ತಂಪು, ತೇವದ ನೆಲಕ್ಕೆ ಸರಿ, ನಮ್ಮಲ್ಲಿ ಬೇಡ. ಎರಡನೆಯ ಗುಣ, ನೆಲ ಒಣಗುವಾಗಲೂ ಹೊಸ ಬಿಳಿ ಬೇರು ಬಿಡುತ್ತಲೇ ಇರುವ ಶಕ್ತಿ. ಹಳೆಯ ಕಂದು ಬೇರಿಗಿಂತ ಬಿಳಿ ತುದಿಯ ಬೇರು ಹೆಚ್ಚು ನೀರು ಎಳೆಯುತ್ತದೆ. ಮೂರನೆಯದು, ಮೇಲಿನ ಎಲೆಯ ರಂಧ್ರ ಯಾವಾಗ ಮುಚ್ಚಬೇಕು ಎಂಬುದರಲ್ಲಿ ಬೇರಿನ ಪಾತ್ರ. ಮೇಲೆ ಅದೇ ಥಾಮ್ಸನ್ ತಳಿ ಇದ್ದರೂ ಕೆಳಗಿನ ಬೇರು ಬದಲಾದರೆ ಬಳ್ಳಿ ನೀರು ಖರ್ಚು ಮಾಡುವ ರೀತಿ ಬದಲಾಗುತ್ತದೆ.

ಇಲ್ಲಿ ಬಹಳ ಜನ ಎಡವುವ ಜಾಗವಿದೆ. ಡಾಗ್‌ರಿಡ್ಜ್ ಬಲಶಾಲಿ. ಎರಡಡಿ ಮಣ್ಣಿನ ಕೆಳಗೆ ಗರಸು ಇರುವ ಟಿಕೋಟಾದ ಮಡ್ಡಿ ನೆಲದಲ್ಲಿ ಆ ಬಲ ಬೇಕೇ ಬೇಕು. ಬೇರು ಕಲ್ಲಿನ ಸಂದಿ ಹುಡುಕಿಕೊಂಡು ಹೋಗುತ್ತದೆ, ಬಳ್ಳಿಯ ಬೆಳವಣಿಗೆಯನ್ನು ನೆಲವೇ ಹದದಲ್ಲಿಡುತ್ತದೆ. ಅದೇ ಡಾಗ್‌ರಿಡ್ಜ್ ಅನ್ನು ಡೋಣಿ ಹೊಳೆಯ ದಂಡೆಯಂಥ ಆಳದ ಎರಿಯಲ್ಲಿ ಹಚ್ಚಿದರೆ, ಮೀಟರ್ ಆಳದಲ್ಲಿ 150-200 ಮಿ.ಮೀ. ನೀರು ಹಿಡಿದಿಡುವ ಆ ಮಣ್ಣಿನಲ್ಲಿ ಕುಡಿ ನಿಲ್ಲುವುದೇ ಇಲ್ಲ. ಚಪ್ಪರ ಕತ್ತಲಾಗುತ್ತದೆ, ಕಣ್ಣಿಗೆ ಬಿಸಿಲು ಬೀಳದು, ಗೊನೆಯ ಬದಲು ತಂತು ಬರುತ್ತದೆ. ದೊಡ್ಡ ಚಪ್ಪರ ದೊಡ್ಡ ಬಾಯಿ. ಬೇಸಿಗೆಯಲ್ಲಿ ಹೊಂಡವನ್ನು ಬೇಗ ಬರಿದು ಮಾಡುತ್ತದೆ. ಬರ ತಾಳುತ್ತದೆ ಎಂದು ಹಚ್ಚಿದ ಗಿಡವೇ ಹೆಚ್ಚು ಕುಡಿಯುವ ಗಿಡವಾಗುತ್ತದೆ. ಅಂಥ ನೆಲಕ್ಕೆ ಹದವಾದ ಬೆಳವಣಿಗೆಯ 110ಆರ್ ಒಳ್ಳೆಯದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಅದರ ಕಡ್ಡಿ ಬೇರು ಬಿಡುವುದು ನಿಧಾನ, ಎಳೆಯ ಗಿಡ ಮೊದಲ ವರ್ಷ ಪಕ್ಕದವರ ಡಾಗ್‌ರಿಡ್ಜ್‌ಗಿಂತ ಹಿಂದೆ ಬಿದ್ದಂತೆ ಕಾಣುತ್ತದೆ. ಆಗ ಕಿತ್ತು ಹಾಕಬೇಡಿ, ಮೊದಲು ಅದು ನೆಲದೊಳಗೆ ಬೆಳೆಯುತ್ತದೆ.

ಸಸಿ ಕೊಳ್ಳುವಾಗ ಹೆಸರು ಕೇಳಿದರೆ ಸಾಲದು, ಎಲೆ ನೋಡಿ. ಡಾಗ್‌ರಿಡ್ಜ್‌ನ ಎಳೆ ಕುಡಿ ಮತ್ತು ಎಲೆಯ ಮೇಲೆ ಜೇಡರ ಬಲೆಯಂಥ ಬಿಳಿ ನವಿರು ಇರುತ್ತದೆ, ಬೆರಳಿಗೆ ಹತ್ತಿ ತಾಗಿದಂತೆ. 110ಆರ್ ಎಲೆ ಬೋಳು, ಎಣ್ಣೆ ಸವರಿದ ಹಾಗೆ ಹೊಳಪು, ಎಳೆ ಎಲೆ ತಾಮ್ರದ ಬಣ್ಣ.

ಉಪ್ಪಿನ ಮಾತು ಬಿಟ್ಟರೆ ಬಾಯಾರಿಕೆಯ ಮಾತು ಅರ್ಧವೇ. ಬೋರ್ ಆಳಕ್ಕೆ ಹೋದಂತೆ ಹಲವು ಕಡೆ ನೀರು ಸವಳಾಗುತ್ತದೆ. ಸ್ವಂತ ಬೇರಿನ ದ್ರಾಕ್ಷಿಗೆ ನೀರಿನ ವಿದ್ಯುತ್ ವಾಹಕತೆ, ಅಂದರೆ ವರದಿಯಲ್ಲಿ ಇಸಿ ಎಂದು ಬರೆದಿರುವುದು, 1 ಡೆಸಿಸೀಮೆನ್ಸ್/ಮೀಟರ್ ಒಳಗಿದ್ದರೆ ಇಳುವರಿಗೆ ಧಕ್ಕೆಯಿಲ್ಲ. 1.7ಕ್ಕೆ ಹತ್ತರಲ್ಲಿ ಒಂದು ಪಾಲು, 2.7ಕ್ಕೆ ನಾಲ್ಕರಲ್ಲಿ ಒಂದು ಪಾಲು ಇಳುವರಿ ಹೋಗುತ್ತದೆ. ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣಿನ ನೀರಿನ ಇಸಿ ಒಂದು ಏರಿದರೆ ಬೇರು ಸುಮಾರು 0.36 ಬಾರ್ ಹೆಚ್ಚು ಬಲ ಹಾಕಿ ಎಳೆಯಬೇಕು. ನೆಲ ಒಣಗಿ ನೀರು ಅರ್ಧವಾದರೆ ಅದೇ ಉಪ್ಪು ಎರಡು ಪಟ್ಟು ಗಟ್ಟಿಯಾಗುತ್ತದೆ. ನೆಲ ಕೈಗೆ ಹಸಿಯಾಗಿ ತಾಗಿದರೂ ಬಳ್ಳಿ ಬಾಯಾರಿರುವುದು ಇದೇ ಕಾರಣಕ್ಕೆ. ಡಾಗ್‌ರಿಡ್ಜ್ ಉಪ್ಪು ತಾಳುತ್ತದೆ ನಿಜ, ಆದರೆ ಸೋಡಿಯಂ ಹೆಚ್ಚಿದ ನೀರಿನಲ್ಲಿ ವರ್ಷ ಕಳೆದಂತೆ ಎಲೆಯಲ್ಲಿ ಸೋಡಿಯಂ ಏರಿ ಪೊಟ್ಯಾಷ್ ಇಳಿದು, ಎಲೆ ಕಪ್ಪಾಗಿ ಅಂಚು ಸುಡುವುದು ಕಂಡಿದೆ. ಸತುವಿನ ಕೊರತೆಯೂ ಇದರ ಮೇಲೆ ಬೇಗ ತೋರುತ್ತದೆ. ವರ್ಷಕ್ಕೆರಡು ಸಲ ತೊಟ್ಟಿನ ಪರೀಕ್ಷೆ ಮಾಡಿಸಿ. ಸೋಡಿಯಂ ತೊಳೆಯಲು ಎಲ್ಲರೂ ಜಿಪ್ಸಮ್ ಹಾಕುತ್ತಾರೆ. ಮೊದಲು ಮಣ್ಣಿನ ಹೆಂಟೆಗೆ ತೆಳುಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲದ ನಾಲ್ಕು ಹನಿ ಬಿಡಿಸಿ ನೋಡಿ. ಬುಸ್ಸೆಂದು ನೊರೆ ಬಂದರೆ ನೆಲದಲ್ಲಿ ಸುಣ್ಣ ಆಗಲೇ ಇದೆ, ಅದನ್ನು ಕರಗಿಸುವ ಗಂಧಕ ಸಾಕು.

ಒಳ್ಳೆಯ ರೂಟ್‌ಸ್ಟಾಕ್ ಹಾಕಿಯೂ ಅದರ ಫಲ ಸಿಗದೆ ಹೋಗುವುದು ಸಾಮಾನ್ಯವಾಗಿ ಕಸಿಯ ಗಂಟಿನ ಹತ್ತಿರ. ಬೇಸಿಗೆಯ ಮೊದಲು ರೂಟ್‌ಸ್ಟಾಕ್ ಹಚ್ಚಿ, ಕಾಂಡ ಪೆನ್ಸಿಲ್‌ಗಿಂತ ಸ್ವಲ್ಪ ದಪ್ಪ, ಅಂದರೆ 8-10 ಮಿ.ಮೀ. ಆದಾಗ, ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಮಧ್ಯದೊಳಗೆ ಸೀಳು ಕಸಿ ಕಟ್ಟುತ್ತೇವೆ. ಗಂಟು ನೆಲದಿಂದ ಒಂದಡಿಯಾದರೂ ಮೇಲಿರಬೇಕು. ಆಮೇಲೆ ವರ್ಷ ವರ್ಷ ಬೋದು (ಸಾಲಿನ ಮಣ್ಣಿನ ಏರಿ) ಏರಿಸುತ್ತ, ಗೊಬ್ಬರ ತುಂಬುತ್ತ ಮಣ್ಣು ಗಂಟನ್ನು ಮುಚ್ಚುತ್ತದೆ. ಮುಚ್ಚಿದರೆ ಮೇಲಿನ ಥಾಮ್ಸನ್ ತನ್ನದೇ ಬೇರು ಬಿಡುತ್ತದೆ, ಆ ಬೇರು ಡ್ರಿಪ್ಪರಿನ ಕೆಳಗೇ ಇರುವುದರಿಂದ ಜೋರಾಗಿ ಬೆಳೆಯುತ್ತದೆ, ಕೆಳಗಿನ ರೂಟ್‌ಸ್ಟಾಕ್ ಸೊರಗುತ್ತದೆ. ನೀವು ದುಡ್ಡು ಕೊಟ್ಟದ್ದು 110ಆರ್‌ಗೆ, ಬರ ಬಂದಾಗ ಕೈಯಲ್ಲಿರುವುದು ಸ್ವಂತ ಬೇರಿನ ಬಳ್ಳಿ. ಇಂದೇ ಹೋಗಿ ನಾಲ್ಕು ಬಳ್ಳಿಯ ಬುಡದ ಮಣ್ಣು ಸರಿಸಿ ನೋಡಿ. ಗಂಟಿನ ಮೇಲೆ ಬೇರು ಕಂಡರೆ ಕತ್ತರಿಸಿ, ಮಣ್ಣು ಎಳೆದು ಹಾಕಿ. ಬೇರು ಹೆಬ್ಬೆರಳ ಗಾತ್ರವಾಗಿದ್ದರೆ ಎಲ್ಲ ಒಮ್ಮೆಲೇ ಕತ್ತರಿಸದೆ, ಮಳೆಗಾಲದಲ್ಲಿ ಎರಡು ವರ್ಷಕ್ಕೆ ಹಂಚಿ ಕತ್ತರಿಸಿ.

ಎರಡನೆಯ ತಪ್ಪು ಡ್ರಿಪ್‌ನದು. ಎಳೆಯ ಗಿಡಕ್ಕೆ ದಿನಾ ಅರ್ಧ ತಾಸು ನೀರು ಬಿಟ್ಟರೆ ಬೇರು ಒಂದಡಿಯೊಳಗೇ ಗುಪ್ಪೆಯಾಗಿ ಕೂರುತ್ತದೆ. ರುಪೆಸ್ಟ್ರಿಸ್ ರಕ್ತವಿದ್ದರೂ ಅಷ್ಟೇ, ನೀರಿಲ್ಲದ ಕಡೆ ಬೇರು ಹೋಗುವುದಿಲ್ಲ. ಎರಿಯಲ್ಲಿ ಮೂರು ದಿನದ ನೀರನ್ನು ಒಮ್ಮೆಲೇ ಕೊಟ್ಟು ಬಿಡುವು ಕೊಡಿ. ಗರಸಿನಲ್ಲಿ ನೀರು ಅಗಲವಾಗದೆ ನೆಟ್ಟಗೆ ಇಳಿದುಹೋಗುತ್ತದೆ, ಅಲ್ಲಿ ಡ್ರಿಪ್ಪರ್ ಸಂಖ್ಯೆ ಹೆಚ್ಚಿಸಿ ದಿನ ಬಿಟ್ಟು ದಿನ ಕೊಡಿ. ಬೇರು ಎಲ್ಲಿದೆ ಎಂದು ಊಹಿಸಬೇಡಿ. ಬುಡದಿಂದ ಒಂದೂವರೆ ಅಡಿ ದೂರ, ಎರಡಡಿ ಚೌಕ, ಮೂರಡಿ ಆಳ ತಗ್ಗು ತೋಡಿ. ಬಳ್ಳಿಯ ಕಡೆಯ ಗೋಡೆಯನ್ನು ಕುರ್ಚಿಗಿಯಿಂದ ಮೆಲ್ಲಗೆ ಕೆರೆದು, ಪ್ರತಿ ಅರ್ಧ ಅಡಿಗೆ ಬಿಳಿ ಬೇರಿನ ತುದಿ ಎಣಿಸಿ. ಮೇಲಿನ ಒಂದಡಿಯಲ್ಲೇ ಎಲ್ಲ ಇದ್ದರೆ ನೀರು ಕೊಡುವ ರೀತಿ ಬದಲಾಗಬೇಕು. ಎರಿಯಾದರೆ ಬಿರುಕುಗಳನ್ನೂ ನೋಡಿ, ಬಿರುಕು ಬಿಟ್ಟಲ್ಲಿ ಸಣ್ಣ ಬೇರು ಹರಿದು ತೂಗಾಡುತ್ತಿರುತ್ತದೆ. ಬೋದಿನ ಮೇಲೆ ನಾಲ್ಕು ಬೆರಳು ದಪ್ಪ ಕಬ್ಬಿನ ರವದಿ (ಒಣ ಸೋಗೆ) ಹೊದಿಸಿದರೆ ಬಿರುಕು ಕಡಿಮೆಯಾಗುತ್ತದೆ, ನೆಲದ ಆವಿಯೂ ತಗ್ಗುತ್ತದೆ. ಜಮಖಂಡಿ, ಅಥಣಿ ಕಡೆ ರವದಿ ಸುಡುವುದನ್ನು ಕಂಡಾಗ ಜೀವ ಚುರ್ ಎನ್ನುತ್ತದೆ. ಅದು ದ್ರಾಕ್ಷಿಯ ಬುಡಕ್ಕೆ ಬರಬೇಕಾದ ಹೊದಿಕೆ.

ಪ್ರಶ್ನೆಗಳು

“ಸರ, ಬೋರ್ ಬತ್ತೇತಿ. ಟ್ಯಾಂಕರ್ ನೀರು ಕೊಂಡು ಹಾಕೂದಾದ್ರ ಯಾವಾಗ ಹಾಕಬೇಕ್ರಿ?”

ಏಪ್ರಿಲ್ ಚಾಟ್ನಿಯ ಮೊದಲೇ ಲೆಕ್ಕ ಹಾಕ್ರಿ. 40 ದಿನದ ನೀರು ಕೈಯಲ್ಲಿಲ್ಲದಿದ್ದರೆ ಚಾಟ್ನಿ ಮುಂದೂಡಿ. ಚಾಟ್ನಿ ಮಾಡಿದರೆ ಬಳ್ಳಿ ಬೇರಿನ ಕೂಡಿಟ್ಟ ಆಹಾರ ಖರ್ಚು ಮಾಡಿ ಹೊಸ ಎಲೆ ತರುತ್ತದೆ, ಆ ಎಲೆಗೆ ನೀರಿಲ್ಲದಿದ್ದರೆ ಎರಡೂ ಹೋಯಿತು. ಚಾಟ್ನಿ ಆಗಿಬಿಟ್ಟಿದ್ದರೆ ಕುಡಿಗಳ ಸಂಖ್ಯೆ ಇಳಿಸಿ ಚಪ್ಪರ ಸಣ್ಣದು ಮಾಡಿ. ಅಕ್ಟೋಬರ್ ಬೆಳೆಯಲ್ಲಾದರೆ ಕೊಂಡ ನೀರನ್ನು ಕಾಯಿ ಕಟ್ಟಿದ ನಂತರದ ಮೂರು-ನಾಲ್ಕು ವಾರಕ್ಕೆ ಮೀಸಲಿಡಿ. ಎಲ್ಲ ಗೊನೆಗೂ ನೀರು ಸಾಲದು ಅನ್ನಿಸಿದರೆ ಕಾಯಿ ಸಣ್ಣದಿರುವಾಗಲೇ ಒಂದಿಷ್ಟು ಗೊನೆ ತೆಗೆಯಿರಿ. ನೀರನ್ನು ರಾತ್ರಿ ಬಿಡಿ. ಟ್ಯಾಂಕರ್ ಎಲ್ಲಿಂದ ತುಂಬಿಸಿದ್ದು ಎಂದು ಕೇಳಿ, ಒಂದು ಬಾಟಲಿ ನೀರನ್ನು ಇಸಿ ಪರೀಕ್ಷೆಗೆ ಕಳಿಸಿ.

“ನಂದು ಹಳೇ ಸ್ವಂತ ಬೇರಿನ ಪಡ ಐತ್ರಿ. ಅದಕ್ಕ ಈಗ ರೂಟ್‌ಸ್ಟಾಕ್ ಸೇರಿಸಾಕ ಬರ್ತೈತೇನ್ರಿ?”

ಬರುತ್ತದೆ. ಬುಡದ ಮಗ್ಗುಲಲ್ಲಿ ರೂಟ್‌ಸ್ಟಾಕ್ ಸಸಿ ಹಚ್ಚಿ, ಅದು ಬಲಿತ ಮೇಲೆ ಅದರ ತುದಿಯನ್ನು ಹಳೆಯ ಕಾಂಡದ ಪಕ್ಕಕ್ಕೆ ಕಸಿ ಕಟ್ಟುವುದು. ಆದರೆ ಹಳೆಯ ಬೇರಿನ ನೆರಳಿನಲ್ಲಿ ಎಳೆಯ ಸಸಿಗೆ ನೀರು ಸಿಗುವುದಿಲ್ಲ, ಅದಕ್ಕೆ ಬೇರೆ ಡ್ರಿಪ್ಪರ್ ಕೊಡಬೇಕು. ಕಾಂಡ ಆರೋಗ್ಯವಾಗಿದ್ದರೆ, ಪಡ ಇನ್ನೂ ಹತ್ತು ವರ್ಷ ಬಾಳುವಂತಿದ್ದರೆ ಮಾತ್ರ ಈ ಖರ್ಚು ಸರಿ. ಕಾಂಡ ಟೊಳ್ಳಾಗಿದ್ದರೆ ಹೊಸದಾಗಿ ಹಚ್ಚುವುದೇ ಒಳ್ಳೆಯದು.

“ಬಿಸಲಿಗೆ ಎಲಿ ಮ್ಯಾಲ ಬಿಳಿಮಣ್ಣು ಹೊಡೀತಾರಲ್ರೀ, ಅದು ಲಾಭ ಐತೇನ್ರಿ?”

ಕಯೋಲಿನ್ ಅದು. 100 ಲೀಟರ್ ನೀರಿಗೆ 5 ಕಿಲೋ ಕಲಸಿ ಹೊಡೆದರೆ ಎಲೆ ಬಿಸಿಲನ್ನು ವಾಪಸ್ ಎಸೆದು ತಂಪಾಗಿರುತ್ತದೆ. ಏಪ್ರಿಲ್ ಚಾಟ್ನಿಯ ನಂತರದ ಎಲೆಗೆ, ಮೇ ತಿಂಗಳಲ್ಲಿ, ಬೆಳಗಿನ ಹೊತ್ತು ಹೊಡೆಯಿರಿ. ಟ್ಯಾಂಕಿನಲ್ಲಿ ತಳ ಹಿಡಿಯದಂತೆ ಕಲಕುತ್ತಲೇ ಇರಬೇಕು, ಇಲ್ಲದಿದ್ದರೆ ನಾಜಲ್ ಕಟ್ಟುತ್ತದೆ. ಗೊನೆ ಇರುವಾಗ ಹೊಡೆಯಬೇಡಿ. ಆ ಬಿಳುಪು ಕಾಯಿಯ ಮೇಲೆ ಉಳಿದರೆ ಹಣ್ಣಿನ ವ್ಯಾಪಾರಿಯೂ ತೆಗೆದುಕೊಳ್ಳುವುದಿಲ್ಲ, ಒಣದ್ರಾಕ್ಷಿಗೂ ಮಣ್ಣು ಅಂಟಿಕೊಂಡೇ ಇರುತ್ತದೆ.